ಉಜ್ಜಿನಪ್ಪನವರು ಸಾಕಿದ ಸಮಸ್ಯೆ

ಕಂಪ್ಲಿಯಿಂದ ಒಂಬತ್ತು ಕಿಲೋಮೀಟರು ದೂರದ ತಮ್ಮ ಊರಿನಲ್ಲಿ ಅಕ್ಕಿ ಗಿರಣಿ ನಡೆಸುವ ಉಜ್ಜಿನಪ್ಪನವರ ಎದುರಿಗೆ ಯಾವ ಜಗಳವೂ ಅರ್ಧ ಗಂಟೆಗಿಂತ ಹೆಚ್ಚು ಬದುಕಿದ್ದಿಲ್ಲ. ಬದುವಿನ ಜಗಳ, ಕಾಲುವೆ ನೀರಿನ ಸರದಿಯ ಜಗಳ, ಮದುವೆ ಪಂಕ್ತಿಯಲ್ಲಿ ಬೀಗರ ಎಲೆಗೆ ಎರಡನೆಯ ಹೋಳಿಗೆ ಬೀಳಲಿಲ್ಲವೆಂಬ ಜಗಳ, ಏನೇ ಇರಲಿ, ಎರಡೂ ಕಡೆಯವರನ್ನು ಊರ ನಡುವಿನ ಬೇವಿನ ಕಟ್ಟೆಗೆ ಕರೆಸಿ, ತಾವು ಮೇಲೆ ಕೂತು, ಅವರನ್ನು ಕೆಳಗೆ ಕೂರಿಸಿ, ತಂದಿಟ್ಟ ಚಹಾ ಆರುವುದರೊಳಗೆ ಇತ್ಯರ್ಥ ಮಾಡಿ ಕಳಿಸುತ್ತಿದ್ದರು. ಅಜ್ಜನ ಕಾಲದಿಂದ ಮನೆಗೆ ಬಂದ ಕೆಲಸ. ಸಂಬಳವಿಲ್ಲ, ಆದರೆ ಊರಿನ ಯಾವ ಮನೆಗೆ ಹೋದರೂ ಅಲ್ಲಿರುವ ಒಂದೇ ಕುರ್ಚಿ ಅವರದು. ಜೊತೆಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷಗಿರಿಯೂ ಹದಿನಾಲ್ಕು ವರ್ಷದಿಂದ ಅವರ ಹತ್ತಿರವೇ ಇತ್ತು. ಬೇರೆ ಯಾರಾದರೂ ಆಗಲಿ ಎಂದು ಪ್ರತಿ ಸಲವೂ ಅವರೇ ಹೇಳುತ್ತಿದ್ದರು. ಹೇಳಿ, ಸಭೆಯ ಮೇಲೆ ಕಣ್ಣಾಡಿಸುತ್ತಿದ್ದರು. ಆ ಕಣ್ಣು ನೋಡಿ ಯಾರೂ ಆಗುತ್ತಿರಲಿಲ್ಲ.

ಐವತ್ತನಾಲ್ಕನೆಯ ವಯಸ್ಸಿಗೆ ಅವರ ಕೈಗೆ ಒಂದು ಕರಪತ್ರ ಬಂತು. ಹೊಸಪೇಟೆಯಲ್ಲಿ ಅಧ್ಯಯನ ಕೇಂದ್ರ ತೆರೆದಿದ್ದ ಹೊರ ಜಿಲ್ಲೆಯ ಒಂದು ವಿಶ್ವವಿದ್ಯಾಲಯದ್ದು. 'ದುಡಿಯುತ್ತಿರುವ ಸಮುದಾಯ ನಾಯಕರಿಗಾಗಿ ಶಿಕ್ಷಣದಲ್ಲಿ ವೃತ್ತಿಪರ ಡಾಕ್ಟರೇಟ್. ಕೆಲಸ ಬಿಡಬೇಕಾಗಿಲ್ಲ. ಮೂರು ವರ್ಷ.' ಉಜ್ಜಿನಪ್ಪನವರು ಗಿರಣಿಯ ಗದ್ದಲದಲ್ಲಿ ನಿಂತೇ ಅದನ್ನು ಎರಡು ಸಲ ಓದಿದರು. ದುಡಿಯುತ್ತಿರುವವರು, ಹೌದು. ಸಮುದಾಯದ ನಾಯಕರು, ಅದನ್ನು ಕೇಳಲೇಬೇಕಿಲ್ಲ. ಇವರು ತನ್ನನ್ನು ನೋಡಿಯೇ ಅಚ್ಚು ಹಾಕಿಸಿದ್ದಾರೆ, ಡಾಕ್ಟರೇಟ್ ಒಂದನ್ನು ಮಾತ್ರ ಕೊಡುವುದು ಬಾಕಿ ಇಟ್ಟುಕೊಂಡಿದ್ದಾರೆ ಎಂದು ಅವರಿಗೆ ಅನ್ನಿಸಿತು. ಅರ್ಹತೆಗೆ ಎಂ.ಎ. ಬೇಕಿತ್ತು. ಅದೂ ಇತ್ತು, ಇಪ್ಪತ್ತು ವರ್ಷದ ಹಿಂದೆ ಅಂಚೆಯಲ್ಲಿ ಬಂದದ್ದು.

ಹೆಂಡತಿ ಸುವರ್ಣಮ್ಮ ಅವಲಕ್ಕಿ ಕೇರುತ್ತಾ ಎಲ್ಲವನ್ನೂ ಕೇಳಿ, ಇಷ್ಟು ದಿನ ಮಂದಿಗೆ ಬುದ್ಧಿ ಹೇಳಲು ಓದು ಬೇಕಾಗಿರಲಿಲ್ಲವಲ್ಲ, ಈಗೇನು ಬುದ್ಧಿ ಕಡಿಮೆ ಬಿದ್ದಿದೆಯೋ ಮಂದಿ ಕಡಿಮೆ ಬಿದ್ದಿದ್ದಾರೋ ಎಂದು ಕೇಳಿದರು. ಉಜ್ಜಿನಪ್ಪನವರು ಹೊಸ ಪೆನ್ನು ಕೊಳ್ಳಲು ಹೋದರು.

ತರಗತಿ ತಿಂಗಳಿಗೆ ಎರಡು ಶನಿವಾರ. ಒಟ್ಟು ಹನ್ನೆರಡು ಮಂದಿ ನಾಯಕರು. ಹನ್ನೆರಡೂ ಮಂದಿ ಮುಂದಿನ ಸಾಲಿನಲ್ಲೇ ಕೂರಬೇಕೆಂದದ್ದರಿಂದ ಮೊದಲ ದಿನ ಬೆಂಚುಗಳನ್ನು ಗೋಡೆಯಿಂದ ಗೋಡೆಗೆ ಉದ್ದಕ್ಕೆ ಹಾಕಬೇಕಾಯಿತು. ಉಜ್ಜಿನಪ್ಪನವರ ಪಕ್ಕಕ್ಕೆ ಬಂದವರು ಸಂಡೂರಿನ ಅಂಜಿನಯ್ಯ, ಅದಿರು ಲಾರಿ ಮಾಲಕರ ಸಂಘದ ಅಧ್ಯಕ್ಷರು. ಮಾರ್ಗದರ್ಶಕಿ ಸುಧಾರಾಣಿ ಎಂಬ ಮೂವತ್ತನಾಲ್ಕರ ಹೆಣ್ಣುಮಗಳು. ಆಕೆಗೆ ಕೋಪ ಬಂದಾಗ ಧ್ವನಿ ಏರುವುದರ ಬದಲು ಇಳಿಯುತ್ತಿತ್ತು. ಅದು ಇಳಿದಷ್ಟೂ ಹನ್ನೆರಡು ಮಂದಿ ನಾಯಕರು ಬೆಂಚಿನ ಮೇಲೆ ನೆಟ್ಟಗಾಗುತ್ತಿದ್ದರು.

ಈ ಡಾಕ್ಟರೇಟು ಗ್ರಂಥಾಲಯದಲ್ಲಿ ಕೂತು ಬರೆಯುವಂಥದ್ದಲ್ಲ ಎಂದು ಆಕೆ ವಿವರಿಸಿದರು. ನಿಮ್ಮ ಊರಿನ ಶಿಕ್ಷಣದ ಒಂದು ಸಮಸ್ಯೆ ಆರಿಸಿಕೊಳ್ಳಬೇಕು. ಆರು ತಿಂಗಳು ಅದನ್ನು ಸುಮ್ಮನೆ ನೋಡಿ ದಾಖಲಿಸಬೇಕು. ಆಮೇಲೆ ಒಂದು ಪರಿಹಾರ ಹೂಡಿ, ಏನು ಬದಲಾಯಿತೆಂದು ಅಳೆಯಬೇಕು. ಎಲ್ಲರೂ ತಲೆ ಆಡಿಸಿದರು. 'ಸುಮ್ಮನೆ' ಎಂಬ ಮಾತಿನ ಕಷ್ಟ ಆಗ ಯಾರಿಗೂ ತಿಳಿಯಲಿಲ್ಲ.

ಅದು ತಿಳಿದದ್ದು ಹಂಪಿ ಬಜಾರಿನಲ್ಲಿ. ಅಭ್ಯಾಸಕ್ಕೆಂದು ಸುಧಾರಾಣಿ ಎಲ್ಲರನ್ನೂ ಅಲ್ಲಿಗೆ ಕರೆದೊಯ್ದು, ಕಲ್ಲು ಮಂಟಪಗಳಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಎರಡು ತಾಸು ಕಂಡದ್ದನ್ನು ಬರೆಯಿರಿ, ಯಾವುದಕ್ಕೂ ಬಾಯಿ ಹಾಕಬೇಡಿ ಎಂದರು. ಉಜ್ಜಿನಪ್ಪನವರ ಎದುರಿಗೆ ಎಳನೀರಿನ ಗಾಡಿಯವನಿಗೂ, ದೇವಸ್ಥಾನದ ಆನೆಗೆ ಕೊಡಲು ಬಾಳೆಹಣ್ಣು ಮಾರುವ ಹೆಂಗಸಿಗೂ ಒಂದು ಕಂಬದ ನೆರಳಿನ ಬಗ್ಗೆ ಜಗಳ ಹತ್ತಿತ್ತು. ಇವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ನಾಲ್ಕನೆಯ ನಿಮಿಷಕ್ಕೆ ಮಂಟಪದಿಂದ ಇಳಿದೇಬಿಟ್ಟರು. ಹೊತ್ತು ತಿರುಗಿದಂತೆ ನೆರಳೂ ತಿರುಗುವುದರಿಂದ ಹನ್ನೆರಡರವರೆಗೆ ಆಕೆ ಆ ಬದಿಗೆ, ಹನ್ನೆರಡರ ಮೇಲೆ ಈತ ಈ ಬದಿಗೆ ಎಂದು ಇತ್ಯರ್ಥವಾಯಿತು. ಇಬ್ಬರೂ ಕೈಮುಗಿದರು. ಎಳನೀರು ಪುಕ್ಕಟೆ.

ಹಾಳೆ ಖಾಲಿ ಇರುವುದನ್ನು ಸುಧಾರಾಣಿ ತೋರಿಸಿದಾಗ ಉಜ್ಜಿನಪ್ಪನವರು, "ಬರಿಯಾಕ ಏನೂ ಉಳೀಲಿಲ್ರಿ ಮೇಡಂ" ಎಂದರು.

ಮುಂದೆ ಊರಿನಲ್ಲೂ ಹಾಗೇ ಆಯಿತು. ಅವರು ಆರಿಸಿಕೊಂಡ ಮೊದಲ ಸಮಸ್ಯೆ, ಶಾಲೆಯ ಬಿಸಿಯೂಟ ದಿನಾ ತಡವಾಗುವುದು. ಅಡುಗೆಯವಳಿಗೆ ಮೊದಲನೆಯ ಪ್ರಶ್ನೆ ಕೇಳಿದಾಗಲೇ, ಅಡುಗೆಯವಳೂ ಸಹಾಯಕಿಯೂ ಒಂದೇ ಸೌಟಿಗಾಗಿ ಮಾತು ಬಿಟ್ಟಿದ್ದಾರೆಂದು ಗೊತ್ತಾಯಿತು. ಸಂಜೆಯೊಳಗೆ ಕಂಪ್ಲಿಯಿಂದ ಎರಡನೆಯ ಸೌಟು ಬಂತು, ಮರುದಿನ ಊಟ ಹತ್ತು ನಿಮಿಷ ಮುಂಚೆಯೇ ಆಯಿತು, ಸಂಶೋಧನೆ ಸತ್ತಿತು. ಎರಡನೆಯದು, ಸಂತೆಯ ದಿನ ಚಿಕ್ಕ ಮಕ್ಕಳು ಶಾಲೆಗೆ ಬಾರದಿರುವುದು. ಅದು ಒಂದು ವಾರ ಬದುಕಿತು. ಮೂರನೆಯದಂತೂ ಪ್ರಶ್ನಾವಳಿ ಜೆರಾಕ್ಸ್ ಆಗುವ ಮುಂಚೆಯೇ ಬಗೆಹರಿಯಿತು. ಒಂದು ವರ್ಷ ಕಳೆದಾಗ ಉಜ್ಜಿನಪ್ಪನವರ ಬಳಿ ಮೂರು ಪರಿಹಾರಗಳಿದ್ದವು, ಸಮಸ್ಯೆ ಒಂದೂ ಇರಲಿಲ್ಲ. ಅಂಜಿನಯ್ಯನವರ ಸಮಸ್ಯೆಯೋ, ಅದಿರು ಲಾರಿಗಳ ಧೂಳು ಮತ್ತು ರಸ್ತೆ ಬದಿಯ ಶಾಲೆ. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. "ನಂದು ಇನ್ನಾ ಹತ್ತು ವರ್ಷ ಬಗಿಹರಿಯಂಗಿಲ್ಲ ನೋಡ್ರಿ, ನಮ್ಮ ಗುಡ್ಡದ ಕುಮಾರಸ್ವಾಮಿ ದೇವರ ದಯೆ" ಎಂದು ಅವರು ಚಹಾ ಕುಡಿಯುವಾಗ ಸಮಾಧಾನದಿಂದ ಹೇಳುತ್ತಿದ್ದರು.

ಇದೇ ಕೊನೆಯ ಅವಕಾಶ ಎಂದು ಸುಧಾರಾಣಿ ಧ್ವನಿ ತೀರ ಇಳಿಸಿ ಹೇಳಿದ ದಿನ, ಉಜ್ಜಿನಪ್ಪನವರು ಹೊಸಪೇಟೆಯಿಂದ ಕಂಪ್ಲಿಯವರೆಗೂ ಜೀಪಿನಲ್ಲಿ ಬಗೆಹರಿಯದ ಸಮಸ್ಯೆಯೊಂದನ್ನು ಹುಡುಕುತ್ತಾ ಬಂದರು. ಊರ ಹತ್ತಿರ ಬಂದಾಗ ಸಮಸ್ಯೆ ತಾನಾಗಿ ಎದುರಿಗೆ ಬಂತು. ಬೆಳಗಿನ ಎಂಟು ಗಂಟೆಯ ಖಾಸಗಿ ಬಸ್ಸು ಅದು, ಈಗ ಸಂಜೆಯ ಟ್ರಿಪ್ಪಿನಲ್ಲಿತ್ತು. ಕಂಪ್ಲಿಯ ಹೈಸ್ಕೂಲಿಗೆ ಹೋಗುವ ಊರಿನ ನಾಲ್ಕು ಹುಡುಗಿಯರಿಗೆ ಅದೊಂದೇ ಬಸ್ಸು. ಅವರದು ಅರ್ಧ ಟಿಕೆಟು; ಆದ್ದರಿಂದ ಡ್ರೈವರು ಮನಸ್ಸು ಬಂದ ದಿನ ನಿಲ್ಲಿಸುತ್ತಿದ್ದ, ಬಾರದ ದಿನ ಧೂಳು ಎಬ್ಬಿಸಿ ಹೋಗುತ್ತಿದ್ದ. ಉಜ್ಜಿನಪ್ಪನವರು ರಸ್ತೆಗೆ ಅಡ್ಡ ಒಂದು ದಿನ ನಿಂತರೆ ಮುಗಿಯುವ ಕೆಲಸ. ಅದೇ ಅವರಿಗೆ ಹೆದರಿಕೆ.

ಜೂನ್ ಮೊದಲ ವಾರ ಬೇವಿನ ಕಟ್ಟೆಗೆ ಊರನ್ನು ಕೂಡಿಸಿದರು. ಸಮುದಾಯ, ದತ್ತಾಂಶ, ಮೂಲಸ್ಥಿತಿ ಎಂಬ ಮೂರು ಮಾತುಗಳನ್ನು ಮುಕ್ಕಾಲು ಗಂಟೆ ವಿವರಿಸಿದರು. ಆಮೇಲೆ ಕಟ್ಟೆಯ ಮೇಲಿಂದ ಆಜ್ಞೆಯಾಯಿತು.

"ಎಂಟು ಗಂಟಿ ಬಸ್ಸಿನ ತಂಟೆಗೆ ಯಾರೂ ಹೋಗಂಗಿಲ್ಲ. ಡ್ರೈವರ್‌ಗ ಬಯ್ಯಂಗಿಲ್ಲ, ಮಾಲಕಗ ಫೋನ್ ಮಾಡಂಗಿಲ್ಲ. ನವೆಂಬರ್ ಮುಗಿಯೋ ತನಕ ಈ ಸಮಸ್ಯೆ ಹಿಂಗ ಇರಬೇಕು. ನನ್ನ ಗುಣ ನಿಮಗ ಗೊತ್ತೈತಿ. ನಾಳೆ ನಾನ ಬಂದು ಬಸ್ಸು ನಿಲ್ಲಸ್ರಿ ಅಂದ್ರೂ ನನ್ನ ಮಾತು ಕೇಳಬ್ಯಾಡ್ರಿ."

ಬಸ್ ನಿಲ್ದಾಣದ ಎದುರು ಗೂಡಂಗಡಿ ಇಟ್ಟುಕೊಂಡಿದ್ದ ಮುದುಕಪ್ಪ ಎದ್ದು ನಿಂತ. "ಹಂಗಾದ್ರ ಹುಡುಗ್ಯಾರು ಸಾಲಿಗೆ ಹೆಂಗ ಹೋಗಬೇಕ್ರಿ ಸಾವ್ಕಾರ್ರ?"

"ಹೋಗಾಕ ಬರದಂಗ ಇದ್ರನ ಅದು ಸಮಸ್ಯೆಲೇ" ಎಂದರು ಉಜ್ಜಿನಪ್ಪನವರು.

ಅದು ಎಲ್ಲರಿಗೂ ಸರಿ ಕಂಡಿತು. ದಾಖಲೆ ಬರೆಯಲು ಅವರು ಹತ್ತನೆಯ ತರಗತಿಯ ಸುಕನ್ಯಾ ಎಂಬ ಹುಡುಗಿಯನ್ನು ಆರಿಸಿದರು. ಅಪ್ಪ-ಅವ್ವ ಇಲ್ಲದ ಆಕೆಯನ್ನು ಸಾಕಿದವಳು ಅಜ್ಜಿ ಹೊಳೆಮ್ಮ, ಗದ್ದೆ ನಾಟಿಯ ಹೆಂಗಸರ ತಂಡದ ಮುಂದಾಳು. ಸುಕನ್ಯಾಳ ಅಕ್ಷರ ದುಂಡಗಿತ್ತು, ಆಕೆಗೆ ಸುಳ್ಳು ಬರೆಯಲು ಬರುತ್ತಿರಲಿಲ್ಲ. ದಿನಾಂಕ, ಬಸ್ಸು ನಿಂತಿತೇ, ಹೋಗದ ವಿದ್ಯಾರ್ಥಿನಿಯರು ಎಷ್ಟು, ಷರಾ ಎಂದು ನಾಲ್ಕು ಅಂಕಣ ಗೆರೆ ಹಾಕಿ ಕೊಟ್ಟು, ಷರಾ ಎಂದರೆ ನಿನಗೆ ಬರೆಯಬೇಕೆನಿಸಿದ್ದು ಎಂದು ಉಜ್ಜಿನಪ್ಪನವರು ತಿಳಿಸಿದರು.

ನಾಲ್ಕು ತಿಂಗಳು ಬಂಗಾರದಂತೆ ಸಾಗಿತು. ಬಸ್ಸು ವಾರಕ್ಕೆ ನಾಲ್ಕು ದಿನ ನಿಂತರೆ ಎರಡು ದಿನ ನಿಲ್ಲುತ್ತಿರಲಿಲ್ಲ. ಉಜ್ಜಿನಪ್ಪನವರು ದಿನಾ ಬೆಳಗ್ಗೆ ಎಂಟಕ್ಕೆ ಗಿರಣಿಯ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಕಂಡರೆ ಕಾಲು ರಸ್ತೆಗೆ ಓಡುತ್ತದೆಂಬ ಭಯ. ತರಗತಿಯಲ್ಲಿ ಅವರ ಗ್ರಾಫನ್ನು ಸುಧಾರಾಣಿ ಎಲ್ಲರಿಗೂ ತೋರಿಸಿದರು. ಅಂಜಿನಯ್ಯ ಕೂಡ ಬಗ್ಗಿ ನೋಡಿದರು. ಉಜ್ಜಿನಪ್ಪನವರು ಮನೆಗೆ ಬಂದು, ಪಂಚಾಯ್ತಿ ಮಾಡುವುದು ದೊಡ್ಡದಲ್ಲ, ಮಾಡದೆ ಇರುವುದೇ ನಿಜವಾದ ವಿದ್ಯೆ ಎಂದು ಸುವರ್ಣಮ್ಮನವರಿಗೆ ಉಪದೇಶ ಮಾಡಿದರು. ಹಾಗಿದ್ದರೆ ಮದುವೆಯಾದಾಗಿನಿಂದ ಮನೆಗೆಲಸದಲ್ಲಿ ನೀವು ಡಾಕ್ಟರೇ ಬಿಡಿ ಎಂದು ಸುವರ್ಣಮ್ಮ ಒಳಗೆ ಹೋದರು.

ದಸರಾ ರಜೆ ಮುಗಿದ ಮೇಲೆ ಬಸ್ಸಿಗೆ ಹೊಸ ಡ್ರೈವರು ಬಂದ. ಮೌನೇಶ್ ಎಂದು ಹೆಸರು. ಮನುಷ್ಯ ಒಳ್ಳೆಯವನು, ಅದೇ ತೊಂದರೆಯಾಯಿತು. ಕೈ ಮಾಡದಿದ್ದರೂ ನಿಲ್ಲಿಸುತ್ತಿದ್ದ. ಹುಡುಗಿಯರು ದೂರದಲ್ಲಿ ಕಂಡರೆ ಕಾಯುತ್ತಿದ್ದ. ಊರಿಗೆ ಊರೇ ಗಾಬರಿಯಾಯಿತು. ಸಾವ್ಕಾರರು ಕಟ್ಟೆಯ ಮೇಲೆ ಕೂತು ಕೇಳಿಕೊಂಡ ಒಂದೇ ಒಂದು ಸಮಸ್ಯೆಯನ್ನು ನವೆಂಬರ್ ತನಕ ಉಳಿಸಿಕೊಡಲಾರದಷ್ಟು ಕೈಲಾಗದವರೇ ತಾವು? ಮುದುಕಪ್ಪ ಗೂಡಂಗಡಿಯಿಂದ ಇಳಿದು ಬಂದು ಬಸ್ಸನ್ನು ಮುಂದಕ್ಕೆ ಕಳಿಸತೊಡಗಿದ. ಬಸ್ಸಿನ ಮೇಲೆ ಸಿಟ್ಟೇನು ಎಂದು ಮೌನೇಶ್ ಕೇಳಿದ್ದಕ್ಕೆ, "ಸಿಟ್ಟಿಲ್ಲಪಾ, ನಮ್ಮ ಸಾವ್ಕಾರ್ರು ಡಾಕ್ಟರ್ ಓದಾಕ ಹತ್ಯಾರ. ನೀ ನಿಂತ್ರ ಅವ್ರು ನಪಾಸು" ಎಂದ.

ಇದ್ಯಾವುದೂ ಗಿರಣಿಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದ ಉಜ್ಜಿನಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಕ್ಟೋಬರ್ ಇಪ್ಪತ್ತೊಂಬತ್ತರ ಸಂಜೆ, ತಿಂಗಳ ಲೆಕ್ಕ ಹಾಕಲು ಸುಕನ್ಯಾಳ ನೋಟುಬುಕ್ಕು ತರಿಸಿಕೊಂಡಾಗ. ಹಾಳೆಗಳು ದಂಡಿಯಾಗಿ ತುಂಬಿದ್ದವು. ಸಂತೋಷದಿಂದ ತಿರುವುತ್ತಾ ಕೊನೆಯ ಪುಟಕ್ಕೆ ಬಂದರು.

'ಅಕ್ಟೋಬರ್ 27. ಬಸ್ಸು ನಿಂತಿತು. ಡ್ರೈವರ್ ಅಣ್ಣ ಎರಡು ಸಲ ಹಾರ್ನ್ ಹೊಡೆದರು. ಮುದುಕಪ್ಪ ತಾತ ಕೈಬೀಸಿ ಕಳಿಸಿದರು. ಹೋಗದವರು: ನಾಲ್ಕು. ಷರಾ: ಇನ್ನು ಐದು ದಿನ ತಪ್ಪಿದರೆ ಹಾಜರಿ ಸಾಲದೆ ಪರೀಕ್ಷೆಗೆ ನನ್ನ ಹೆಸರು ಕಳಿಸಲು ಆಗುವುದಿಲ್ಲ ಎಂದು ಹೆಡ್ ಮಾಸ್ತರರು ಹೇಳಿದ್ದಾರೆ.'

'ಅಕ್ಟೋಬರ್ 28. ಬಸ್ಸು ನಿಂತಿತು. ಕಳಿಸಿದರು. ಹೋಗದವರು: ನಾಲ್ಕು. ಷರಾ: ನಾಲ್ಕು ದಿನ.'

'ಅಕ್ಟೋಬರ್ 29. ಬಸ್ಸು ನಿಂತಿತು. ಕಳಿಸಿದರು. ಹೋಗದವರು: ನಾಲ್ಕು. ಷರಾ: ಮೂರು ದಿನ.'

ಉಜ್ಜಿನಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಬರಹ ಬದಲಾಗಲಿಲ್ಲ. ಬಯ್ಗುಳ ಇರಲಿಲ್ಲ, ದೂರು ಇರಲಿಲ್ಲ. ತಾವೇ ಗೆರೆ ಹಾಕಿಕೊಟ್ಟ ಅಂಕಣದಲ್ಲಿ, ಗೆರೆ ಮೀರದೆ, ಹುಡುಗಿ ದಿನ ಎಣಿಸಿದ್ದಳು.

ಅವರು ಅಂಜಿನಯ್ಯನವರಿಗೆ ಫೋನ್ ಮಾಡಿದರು. ಇನ್ನೊಂದೇ ತಿಂಗಳು, ಕಣ್ಣು ಮುಚ್ಚಿದರೆ ಹೋಗುತ್ತದೆ, ಹುಡುಗಿ ಬೇಕಾದರೆ ಮುಂದಿನ ವರ್ಷ ಬರೆಯಲಿ, ನಿಮಗೆ ಮಾತ್ರ ಇದು ಕೊನೆಯ ಅವಕಾಶ ಎಂದು ಅಂಜಿನಯ್ಯ ಬಹಳ ಪ್ರೀತಿಯಿಂದ ಬುದ್ಧಿ ಹೇಳಿದರು. ಉಜ್ಜಿನಪ್ಪನವರು ಹೂಂ ಎಂದರು. ಮನಸ್ಸು ಒಂದು ಗಳಿಗೆ ಆ ಕಡೆ ವಾಲಿದ್ದೂ ನಿಜ. ಡಾ. ಎಂಬ ಅಕ್ಷರ ಸೇರಿಸಿದ ಲೆಟರ್ ಹೆಡ್ಡಿನ ಮಾದರಿ ಮೇಜಿನ ಗಾಜಿನ ಕೆಳಗೇ ಇತ್ತು. ಅದನ್ನು ನೋಡಿದರು. ನೋಟುಬುಕ್ಕು ನೋಡಿದರು. ಊಟಕ್ಕೆ ಕೂತವರು ಎರಡನೆಯ ರೊಟ್ಟಿ ಬೇಡವೆಂದರು. ಸುವರ್ಣಮ್ಮ ಇದೆಂಥ ಅನಾಹುತವೆಂದು ನೋಟುಬುಕ್ಕು ತೆಗೆದು ಓದಿ, ಏನೂ ಅನ್ನದೆ ತಟ್ಟೆ ಎತ್ತಿಕೊಂಡು ಹೋದರು. ಹೆಂಡತಿ ಏನೂ ಅನ್ನದಿದ್ದದ್ದು ಆ ಮನೆಯಲ್ಲಿ ಅದೇ ಮೊದಲು.

ಮರುದಿನ ಎಂಟಕ್ಕೆ ಉಜ್ಜಿನಪ್ಪನವರು ಜೀಪು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಬಂದು, ಹುಡುಗಿಯರನ್ನು ಹತ್ತಿಸಿ ಎಂದರು. ಮುದುಕಪ್ಪ ನಕ್ಕ. ಸಾವ್ಕಾರರು ಪರೀಕ್ಷೆ ಮಾಡಲು ಬಂದಿದ್ದಾರೆಂದು ಅವನಿಗೆ ಖಾತ್ರಿಯಾಗಿತ್ತು. "ನೀವು ಹೇಳಿದ್ರೂ ಕೇಳಬ್ಯಾಡ ಅಂತ ನೀವ ಹೇಳೀರಿ" ಎಂದು ಬಸ್ಸಿನ ಬದಿಗೆ ಎರಡು ಏಟು ಹಾಕಿ ಮುಂದಕ್ಕೆ ಕಳಿಸಿಯೇಬಿಟ್ಟ. ಹಾಗಾದರೆ ಜೀಪಿನಲ್ಲಾದರೂ ಕೂರು ಬಾ ಎಂದು ಸುಕನ್ಯಾಳನ್ನು ಕರೆದರೆ ಹೊಳೆಮ್ಮ ಮೊಮ್ಮಗಳ ಕೈ ಬಿಡಲಿಲ್ಲ.

"ಕಟ್ಟಿ ಮ್ಯಾಲೆ ಆಡಿದ ಮಾತು ಜೀಪಿನ್ಯಾಗ ಕುಂತು ಹಿಂದಕ ತಗಂತೀರೇನು ಯಪ್ಪಾ?" ಎಂದಳು. "ಐದು ತಿಂಗಳಾತು, ಊರ ಮಂದಿ ಮಾತು ಉಳಿಸ್ಯಾರ. ನಾ ಒಬ್ಬಾಕಿ ಮುರದ್ರ ನಾಳೆ ನನ್ನ ನಾಟಿಗೆ ಯಾರು ಕರೀತಾರ? ಕಟ್ಟಿ ಮ್ಯಾಲೆ ಆಡೀರಿ, ಕಟ್ಟಿ ಹತ್ರನ ಹಿಂದಕ ತಗಳ್ರಿ."

ಸುಕನ್ಯಾ ಅಲ್ಲೇ ನಿಂತು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಎರಡು ದಿನ.

ಹೊಳೆಮ್ಮನ ಮಾತಿನ ಭಾರ ಉಜ್ಜಿನಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟೆಯ ಮೇಲೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವವನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು, ತಪ್ಪಾಯಿತು ಎನ್ನಬೇಕು. ಆ ಮಾತಿನಿಂದ ನೊಂದವರು ಮೇಲೆ ಕೂತು ತೀರ್ಪು ಕೊಡಬೇಕು. ಪದ್ಧತಿ ಹಾಗೆ. ಆದರೆ ಅದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಜ್ಜ ಒಮ್ಮೆ ತಪ್ಪು ಗದ್ದೆಯನ್ನು ತಪ್ಪು ಮನುಷ್ಯನಿಗೆ ಕೊಡಿಸಿ, ಮಾತು ಹಿಂದಕ್ಕೆ ಪಡೆಯುವುದಕ್ಕಿಂತ ಅಗ್ಗವೆಂದು ತನ್ನ ಗದ್ದೆಯನ್ನೇ ಇನ್ನೊಬ್ಬನಿಗೆ ಬಿಟ್ಟುಕೊಟ್ಟಿದ್ದ. ಅಂಥ ಮನೆತನ.

ಅಂದು ಸಂಜೆ ಐದಕ್ಕೆ ಡಂಗುರ ಹೊಡೆಸಿದರು. ಬಸ್ಸಿನ ವಿಷಯವೆಂದು ಗೊತ್ತಾಗಿ, ಸುದ್ದಿ ಕೇಳಿದ ಮೌನೇಶನೂ ಟ್ರಿಪ್ಪು ಮುಗಿಸಿ ಬಂದು ನಿಂತ. ಉಜ್ಜಿನಪ್ಪನವರು ಬಿಳಿ ಪಂಚೆಯುಟ್ಟು ಬಂದು ಕಟ್ಟೆಯ ಹತ್ತಿರ ನಿಂತರು. ಅಭ್ಯಾಸಬಲದಿಂದ ಒಂದು ಕಾಲು ಮೇಲಕ್ಕೆ ಹೋಯಿತು. ಅದನ್ನು ಕೆಳಗಿಳಿಸಿ, ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗುಂಪಿನಲ್ಲಿ ಯಾರೋ ಓಡಿಹೋಗಿ ಕುರ್ಚಿ ತಂದರು. ಅದನ್ನು ವಾಪಸು ಕಳಿಸಿದರು. ಹೊಳೆಮ್ಮನ ಮನೆಯವರು ಯಾರೂ ಈವರೆಗೆ ಆ ಕಟ್ಟೆ ಹತ್ತಿದ್ದಿಲ್ಲ. ಆಕೆಗೆ ಮಂಡಿನೋವು ಬೇರೆ. ಸುವರ್ಣಮ್ಮನೇ ಬಂದು ರಟ್ಟೆ ಹಿಡಿದು ಮೇಲೆ ಕೂರಿಸಿದರು. ಹೊಳೆಮ್ಮ ಕೂತು, ಕಲ್ಲಿನ ಮೇಲೆ ಕೈಯಾಡಿಸಿ, "ಭಾಳ ತಂಪೈತಿ, ಅದಕ ನೀವು ಜಲ್ದಿ ಇಳೀತಿದ್ದಿಲ್ಲ" ಎಂದಳು.

ಭಾಷಣ ನಾಲ್ಕು ಮಾತಿನದ್ದು. ಅವರ ಜೀವಮಾನದಲ್ಲೇ ಚಿಕ್ಕದು.

"ಓದಿನ ಆಸೆಗೆ ಓದೋ ಹುಡುಗೀನ ಮನ್ಯಾಗ ಕುಂದ್ರಿಸಿದೆ. ನನ್ನ ಮಾತು ತಪ್ಪು. ಹಿಂದಕ ತಗಂಡೀನಿ. ನಾಳೆ ಬಸ್ಸು ನಿಲ್ಲಲಿ, ಹುಡುಗ್ಯಾರು ಹತ್ತಲಿ."

ನಿಮ್ಮ ಡಾಕ್ಟರ್ ಗತಿ ಎಂದು ಮುದುಕಪ್ಪ ಮೆಲ್ಲಗೆ ಕೇಳಿದ; ಅವನ ಕಣ್ಣಲ್ಲಿ ನೀರಿತ್ತು, ಇಷ್ಟು ದಿನ ಪಟ್ಟ ಪಾಡು ವ್ಯರ್ಥವಾಯಿತೆಂದು. ಉಜ್ಜಿನಪ್ಪನವರು ಕೈ ಅಲ್ಲಾಡಿಸಿದರು. ಆಮೇಲೆ ಎಲ್ಲರೂ ತೀರ್ಪಿಗಾಗಿ ಮೇಲೆ ನೋಡಿದರು. ದಂಡ, ತೆಂಗಿನಕಾಯಿ, ಇಡೀ ಊರಿಗೆ ಊಟ, ಹೀಗೆ ಏನಾದರೂ ಬರಬಹುದೆಂದು ಸುವರ್ಣಮ್ಮ ಮನಸ್ಸಿನಲ್ಲೇ ಅಕ್ಕಿ ಅಳೆದುಕೊಂಡಿದ್ದರು.

ಹೊಳೆಮ್ಮ ಮೊಮ್ಮಗಳ ಕಡೆ ನೋಡಿದಳು. "ನೀವು ಓದಿಂದ ಡಾಕ್ಟರ್ ಆಗಾಕ ಹೊಂಟವ್ರು. ನಮ್ಮ ಹುಡುಗಿಗೆ ತಪ್ಪಿದ ಪಾಠ ಎಷ್ಟು ಅದಾವೋ ಅಷ್ಟೂ ನೀವ ಹೇಳಿಕೊಡ್ರಿ" ಎಂದಳು. ಆ ಕಟ್ಟೆಯಿಂದ ಬಂದ ತೀರ್ಪುಗಳಲ್ಲಿ ಅದು ತೀರ ಕಠಿಣವಾದದ್ದೆಂದು ಮೊದಲ ವಾರದಲ್ಲೇ ಉಜ್ಜಿನಪ್ಪನವರಿಗೆ ತಿಳಿಯಿತು.

ಮರುದಿನ ಸುಕನ್ಯಾ ಬಸ್ಸು ಹತ್ತಿದಳು. ಅದರ ಮರುವಾರವೂ ಹತ್ತಿದಳು. ಹಾಜರಿ ಕೂದಲೆಳೆಯಲ್ಲಿ ಉಳಿದು, ಆಕೆಯ ಹೆಸರು ಪರೀಕ್ಷೆಗೆ ಹೋಯಿತು.

ಹೊಸಪೇಟೆಯಲ್ಲಿ ಸುಧಾರಾಣಿ ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ದಾಖಲಿಸಿ ಎಂದಿದ್ದೆ, ಊರಿಗೆ ನಿಷೇಧಾಜ್ಞೆ ಹೊರಡಿಸಿ ಎಂದಿರಲಿಲ್ಲ ಎಂದು ಅವರು ಹೇಳಿದ ಧ್ವನಿ ಹತ್ತಿರ ಹೋಗದೆ ಕೇಳುವಂತಿರಲಿಲ್ಲ. ಐದು ತಿಂಗಳ ದತ್ತಾಂಶ ರದ್ದಾಯಿತು. ಇದೆಲ್ಲ ಹೇಗಾಯಿತೆಂದು ಒಂದಕ್ಷರ ಬಿಡದೆ ಬರೆದುಕೊಡಬೇಕು, ಒಪ್ಪಿಗೆಯಾದರೆ ಒಂದು ವರ್ಷ ಹೆಚ್ಚುವರಿ ಸಿಗಬಹುದು, ಖಾತ್ರಿ ಇಲ್ಲ ಎಂದರು. ಕೊನೆಗೆ ಪುಟ ಮಡಿಸುತ್ತಾ, ಈ ಷರಾ ಬರೆದವಳು ಯಾರು, ನಿಮ್ಮ ಇಡೀ ಅಧ್ಯಾಯಕ್ಕಿಂತ ಇದು ಚೆನ್ನಾಗಿದೆ ಎಂದರು. ಉಜ್ಜಿನಪ್ಪನವರಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಆಮೇಲೆ ಹೆಮ್ಮೆಯಾಯಿತು, ಆಮೇಲೆ ಎರಡೂ ಸೇರಿ ಹಸಿವಾಯಿತು.

ಈಗ ದಿನಾ ಸಂಜೆ ಐದೂವರೆಗೆ ಅವರ ಪಡಸಾಲೆಯಲ್ಲಿ ಪಾಠ. ಸಮಾಜ ವಿಜ್ಞಾನ ಸಲೀಸಾಗಿ ಮುಗಿಯಿತು. ಅಲ್ಲಿ ಹೆಚ್ಚು ಮಾತು ಬೇಕಾಗುತ್ತದೆ. ಗಣಿತಕ್ಕೆ ಬಂದಾಗ ಮಾತು ನಿಂತಿತು. ಇವರು ಹಿಂದಿನ ಸಂಜೆಯೇ ಪುಸ್ತಕ ಓದಿಕೊಂಡು ಬರುತ್ತಾರೆ, ಬೋರ್ಡಿನ ಮೇಲೆ ಬರೆಯುತ್ತಾರೆ, ಸುಕನ್ಯಾ ಕೆಳಗೆ ಕೂತು ಅದೇ ಲೆಕ್ಕವನ್ನು ತಾನೂ ಮಾಡುತ್ತಾಳೆ, ಕೊನೆಗೆ ಇಬ್ಬರೂ ಉತ್ತರ ಸರಿತೂಗಿಸುತ್ತಾರೆ. ಮೊನ್ನೆ ಸಮಾಂತರ ಶ್ರೇಢಿಯ ಒಂದು ಲೆಕ್ಕಕ್ಕೆ ಉಜ್ಜಿನಪ್ಪನವರಿಗೆ ಮೂವತ್ತೊಂದು ಬಂತು. ಹುಡುಗಿಗೆ ಇಪ್ಪತ್ತಮೂರು ಬಂತು. ಅವರು ಎರಡು ಸಂಖ್ಯೆಗಳನ್ನೂ ಬಹಳ ಹೊತ್ತು ನೋಡಿ, ಗಂಟಲು ಸರಿಮಾಡಿಕೊಂಡರು.

"ನೋಡವ್ವಾ, ನಿಂದೂ ಬ್ಯಾಡ, ನಂದೂ ಬ್ಯಾಡ. ಇಪ್ಪತ್ತೇಳಕ್ಕ ಒಪ್ಕೊಂಡು ಎದ್ದುಬಿಡೂನು."

"ಇದ್ರಾಗ ಪಂಚಾಯ್ತಿ ನಡಿಯಂಗಿಲ್ರಿ ಸಾವ್ಕಾರ್ರ" ಎಂದಳು ಸುಕನ್ಯಾ. "ಮೂರನೇ ಸಾಲಿನ್ಯಾಗ ಒಂದು ಮೈನಸ್ ಬಿಟ್ಟೀರಿ."

ಉಜ್ಜಿನಪ್ಪನವರು ಕನ್ನಡಕ ಏರಿಸಿ ಮೂರನೆಯ ಸಾಲಿಗೆ ಹೋದರು. ಬಿಟ್ಟಿದ್ದರು.